ಮಂಗನ ಕಾಯಿಲೆ: ಲಸಿಕಾ ವಲಯದಿಂದ ಅಪಾಯ ನಕ್ಷೆಯವರೆಗೆ

ಮಂಗನ ಕಾಯಿಲೆ ಅಥವಾ ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಉಣುಗುಗಳಿಂದ ಹರಡುವ ವೈರಾಣು ಜ್ವರ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಇದು ಪತ್ತೆಯಾಯಿತು. ಲಸಿಕೆಯನ್ನು ಯಾವ ಊರಿಗೆ, ಯಾವಾಗ ಕೊಡಬೇಕೆಂಬುದು ಇದರ ನಿಯಂತ್ರಣದ ಇತಿಹಾಸದುದ್ದಕ್ಕೂ ಕಾಡಿದ ಪ್ರಶ್ನೆ.

ಲಸಿಕೆ: ಮೊದಲಿಗೆ ಬಳಸಿದ, ಸಂಬಂಧಿತ ರಷ್ಯನ್ ವೈರಾಣುವಿನ ಲಸಿಕೆ ಫಲ ನೀಡಲಿಲ್ಲ. 1960ರ ದಶಕದಲ್ಲಿ ಪುಣೆಯ ವೈರಾಣು ಸಂಶೋಧನಾ ಕೇಂದ್ರ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ವೈರಾಣುವನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಹೊಸ ಲಸಿಕೆ ರೂಪಿಸಿತು. 1990–92ರ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 93.5 ಇತ್ತು. 2005–10ರ ಅವಧಿಯ ಅಧ್ಯಯನದಲ್ಲಿ ಅದು ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಶೇ 82.9.

ಐದು ಕಿಲೋಮೀಟರ್ ವಲಯ: ಮನುಷ್ಯ, ಮಂಗ ಅಥವಾ ಉಣುಗಿನಲ್ಲಿ ವೈರಾಣು ಕಂಡ ಜಾಗದ ಸುತ್ತ 5 ಕಿ.ಮೀ. ವ್ಯಾಪ್ತಿಯ ಊರುಗಳಿಗೆ ಲಸಿಕೆ ಹಾಕುವುದು ರೂಢಿಯಾಯಿತು. ಆದರೆ ಎರಡು ಡೋಸ್‌ಗಳ ನಡುವೆ ಕನಿಷ್ಠ ಒಂದು ತಿಂಗಳ ಅಂತರ ಬೇಕಿತ್ತು. ಮಂಗ ಸತ್ತ ಮೇಲೆ ವಲಯ ಗುರುತಿಸಿದರೆ, ರಕ್ಷಣೆ ಮೂಡುವಷ್ಟರಲ್ಲಿ ಜ್ವರದ ಕಾಲ ಮುಂದುವರಿದಿರುತ್ತಿತ್ತು.

ಅಪಾಯ ನಕ್ಷೆ: ರೋಗಕ್ಕಿಂತ ಮುಂಚೆಯೇ ಊರು ತಲುಪುವ ದಾರಿಯನ್ನು ಗಣಿತ ಮಾದರಿಗಳಲ್ಲಿ ಹುಡುಕಲಾಯಿತು. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಮತ್ತು ಭಾರತದ ಸಂಶೋಧಕರು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರ ಅನುಭವವನ್ನೂ ಸೇರಿಸಿ ರೂಪಿಸಿದ ಮಾದರಿ 2020ರಲ್ಲಿ ಪ್ರಕಟವಾಯಿತು. ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಬೆರೆತ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು, ಒಣ ಎಲೆಯುದುರು ಕಾಡು ಹೆಚ್ಚಿರುವ ಕಡೆ ಕಡಿಮೆ ಎಂದು ಅದು ತೋರಿಸಿತು. ಸೊಪ್ಪು, ತರಗೆಲೆ, ಸೌದೆಗೆ ಕಾಡಂಚನ್ನು ನೆಚ್ಚಿದ ಮಲೆನಾಡಿನ ಬದುಕಿಗೆ ಈ ಚಿತ್ರ ಹೊಂದುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ಕಾಡಿದ 2019ರ ಹಾವಳಿಯ ಕೇಂದ್ರಗಳನ್ನು ಮಾದರಿ ಮುಂಗಾಣಬಲ್ಲದೆಂಬುದು ಪರೀಕ್ಷೆಯಲ್ಲಿ ಕಂಡುಬಂತು.

ಇಂದಿನ ಸ್ಥಿತಿ: ಪರಿಣಾಮ ಕುಗ್ಗಿದ್ದರಿಂದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸ ಕೈಗೊಂಡಿದೆ. ಸದ್ಯ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚಿಕೆ, ಮಂಗಗಳ ಸಾವಿನ ಮೇಲಿನ ನಿಗಾ ಮತ್ತು ಜ್ವರ ಪರೀಕ್ಷೆಗಳೇ ಮುಖ್ಯ ಕ್ರಮಗಳು. ಇವನ್ನು ಎಲ್ಲಿ ಮೊದಲು ಕೈಗೊಳ್ಳಬೇಕೆಂದು ತೀರ್ಮಾನಿಸಲು ಅಪಾಯ ನಕ್ಷೆ ನೆರವಾಗಬಲ್ಲದು. ಹೊಸ ಲಸಿಕೆ ಬಂದಾಗ ಅದನ್ನು ಜ್ವರದ ಕಾಲಕ್ಕೆ ಮೊದಲು, ಮಳೆಗಾಲ ಮುಗಿಯುವ ಮುನ್ನವೇ ಯಾವ ಊರುಗಳಿಗೆ ಒಯ್ಯಬೇಕೆಂಬುದಕ್ಕೂ ಇದೇ ಆಧಾರವಾಗಬಹುದು.