ರೇಷ್ಮೆ ಸೀಮೆಯ ಕರಿ ಕಂಬಳಿ

ಶಿಡ್ಲಘಟ್ಟ, ಚಿಂತಾಮಣಿ ಅಂದರೆ ರೇಷ್ಮೆಗೂಡು ಎಂದೇ ನಾವೆಲ್ಲ ಹೇಳುತ್ತೇವೆ. ಮೈಸೂರು ಸೀಮೆಗೆ ರೇಷ್ಮೆ ಬಂದಿದ್ದು ಟಿಪ್ಪು ಕಾಲದಲ್ಲಿ. ಕಂಬಳಿ ಅದಕ್ಕಿಂತ ಹಳೆಯದು. 1800ರಲ್ಲಿ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರಹದಲ್ಲಿ ಕುರುಬರ ಕಂಬಳಿ ನೇಯ್ಗೆಯೂ ಇದೆ.

ಗಂಡಸರು ಉಣ್ಣೆ ಕತ್ತರಿಸಿದರೆ, ಅದನ್ನು ಹಿಂಜಿ ನೂಲು ತೆಗೆಯುತ್ತಿದ್ದವರು ಹೆಂಗಸರು, ಅದೂ ಅಡುಗೆ, ಕೊಟ್ಟಿಗೆ, ಮಕ್ಕಳ ನಡುವೆ. ಆ ನೂಲಿಗೆ ಹುಣಸೆ ಬೀಜದ ಅಂಟು ಬಳಿದು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡರೆ ನೀರು ಬೇಗ ಒಳಗಿಳಿಯದು. ನೂಲಿದವಳ ದಿನಗಳಿಗೆ ಕೂಲಿ ಲೆಕ್ಕ ಹಾಕಿದವರು ಕಡಿಮೆ ಎಂದೇ ನಮಗನಿಸುತ್ತದೆ.

ಈಗ ಸಂತೆಯಲ್ಲಿ ಪಾಣಿಪತ್‌ನ ಅಗ್ಗದ ಹೊದಿಕೆ. ಆದರೂ ಪೂಜೆಯ ಗದ್ದುಗೆಗೆ ಕರಿ ಕಂಬಳಿಯೇ ಬೇಕು! ನಿಮ್ಮ ಅಟ್ಟದಲ್ಲಿ ಅಜ್ಜಿಯ ಕದಿರು ಉಳಿದಿದ್ದರೆ ನಮಗೊಂದು ಫೋಟೊ ಕಳಿಸಿ.