ಡಿಸೆಂಬರ್ ಮೂರು: ಒಂದು ದಿನಾಂಕದ ಚರಿತ್ರೆ

ಧರ್ಮಸಭೆಯ ದಿನದರ್ಶಿಕೆಯಲ್ಲಿ ಡಿಸೆಂಬರ್ ಮೂರನೆಯ ತಾರೀಖಿನ ಚೌಕದೊಳಗೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ನಾಮಧೇಯ ಅಚ್ಚಾಗಿರುವುದನ್ನು ನಾವೆಲ್ಲರೂ ಬಾಲ್ಯದಿಂದಲೂ ಕಂಡವರೇ. ಹಳೆಯ ಮೈಸೂರು ಸೀಮೆಯ ನಮ್ಮ ಹಿರಿಯರು ಆ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಮಕ್ಕಳಿಗೆ ಚೌರಪ್ಪ, ಶೌರಿಯಪ್ಪ ಎಂದು ನಾಮಕರಣ ಮಾಡಿದರು. ಬೆಂಗಳೂರು ಮಹಾಧರ್ಮಪ್ರಾಂತ್ಯದ ಪ್ರಧಾನಾಲಯವೂ ಅವರ ಹೆಸರಿನದೇ. ಆದರೆ ಅದೇ ಚೌಕದೊಳಗೆ, ಅಚ್ಚಿಗೆ ಬಾರದೆ, ಬೇರೆ ಹಲವು ಜನನಗಳೂ ಮರಣಗಳೂ ಒಂದು ಮಹಾದುರಂತವೂ ಸೇರಿಕೊಂಡಿವೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ನೂರು ವರ್ಷಗಳ ಕಥೆಯನ್ನು ಹೇಳುವವರು ಅನೇಕರಿರುವುದರಿಂದ, ನಾವು ಈ ಒಂದೇ ದಿನದ ಕಥೆಯನ್ನು ಆರಿಸಿಕೊಂಡಿದ್ದೇವೆ.

1542ರ ಮೇ 6ರಂದು ಗೋವೆಯಲ್ಲಿ ಕಾಲಿಟ್ಟ ಕ್ಸೇವಿಯರ್ ಅವರು ಹತ್ತೇ ವರ್ಷಗಳಲ್ಲಿ ಮುತ್ತಿನ ಕರಾವಳಿ, ಮಲಕ್ಕಾ, ಮೊಲುಕ್ಕಾ ದ್ವೀಪಗಳು, ಜಪಾನ್ ಇಷ್ಟನ್ನೂ ಸುತ್ತಿದರು. ಕೊನೆಗೆ ಅವರ ಮನಸ್ಸು ಚೀನಾದ ಕಡೆಗೆ ತಿರುಗಿತು. ಪರದೇಶಿಯರಿಗೆ ಆ ಸಾಮ್ರಾಜ್ಯದ ಬಾಗಿಲು ಮುಚ್ಚಿದ್ದ ಕಾಲವದು. ಕ್ಯಾಂಟನ್ ಸಮೀಪದ ಸಾನ್ಸಿಯಾನ್ ದ್ವೀಪದಲ್ಲಿಳಿದು, ತಮ್ಮನ್ನು ಗುಟ್ಟಾಗಿ ದಡ ಸೇರಿಸುವಂತೆ ಒಬ್ಬ ಚೀನೀ ವರ್ತಕನೊಂದಿಗೆ ಗೊತ್ತುಮಾಡಿಕೊಂಡರು. ಅದಕ್ಕೆ ಕೊಡಬೇಕಾಗಿದ್ದ ಕೂಲಿ ಕರಿಮೆಣಸು. ಆ ವರ್ತಕ ಬರಲೇ ಇಲ್ಲ. ನವೆಂಬರ್ ಉತ್ತರಾರ್ಧದಲ್ಲಿ ಜ್ವರ ಹಿಡಿಯಿತು. 1552ರ ಡಿಸೆಂಬರ್ 3ರಂದು, ಬೆಳಗು ಹರಿಯುವ ಮುನ್ನ, ನಲವತ್ತಾರರ ಪ್ರಾಯದಲ್ಲಿ ಅವರು ಕಣ್ಣುಮುಚ್ಚಿದಾಗ ಬಳಿಯಲ್ಲಿದ್ದವನು ಗೋವೆಯಲ್ಲಿ ಓದಿದ್ದ ಅಂತೋಣಿ ಎಂಬ ಚೀನೀ ಕ್ರೈಸ್ತ ಯುವಕ. ಪೂಜೆಯ ಗಂಟೆಯಿಲ್ಲ, ಗುರುಗಳಿಲ್ಲ. ಬೆರಳೆಣಿಕೆಯ ಜನ ಸೇರಿ ಸುಣ್ಣ ಸುರಿದು ಮಣ್ಣುಮಾಡಿದರು.

ಇನ್ನೊಂದು ಸಂಗತಿ ನಮ್ಮ ಮನಸ್ಸನ್ನು ಬಹುವಾಗಿ ಕಲಕುತ್ತದೆ. 1553ರ ಜೂನ್ ತಿಂಗಳಲ್ಲಿ ರೋಮಿನಿಂದ ಸಂತ ಇಗ್ನಾಸಿಯವರು ತಮ್ಮ ಆಪ್ತ ಮಿತ್ರನಿಗೆ ಯೂರೋಪಿಗೆ ಮರಳಿ ಬರುವಂತೆ ಪತ್ರ ಬರೆದರು. ಮಿತ್ರನು ತೀರಿಕೊಂಡು ಆಗಲೇ ಆರು ತಿಂಗಳು ಮೀರಿತ್ತು! ತಂತಿಯಿಲ್ಲದ, ಹಾಯಿಹಡಗಿನ ಆ ಕಾಲದಲ್ಲಿ ಸಾವಿನ ಸುದ್ದಿಗೂ ಗಾಳಿ ಅನುಕೂಲವಾಗಿ ಬೀಸಬೇಕಿತ್ತು. ಪಾರ್ಥಿವ ಶರೀರವು ಮಲಕ್ಕಾದ ಮಾರ್ಗವಾಗಿ 1554ರ ಮಾರ್ಚ್ ತಿಂಗಳಲ್ಲಿ ಗೋವೆಯನ್ನು ಸೇರಿತು. 1622ರ ಮಾರ್ಚ್ 12ರಂದು ಇಗ್ನಾಸಿಯವರೊಂದಿಗೇ ಕ್ಸೇವಿಯರ್ ಅವರಿಗೂ ಸಂತಪದವಿ ಲಭಿಸಿತು. ಬೊಮ್ ಜೇಸುಸ್ ಮಹಾದೇವಾಲಯದ ಬೆಳ್ಳಿಯ ಪೆಟ್ಟಿಗೆಯಿಂದ ಹತ್ತು ವರ್ಷಗಳಿಗೊಮ್ಮೆ ಇಳಿಸಿ ದರ್ಶನಕ್ಕಿಡುವ ಆ ಪವಿತ್ರ ಅವಶೇಷವನ್ನು 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ ಭಕ್ತಾದಿಗಳು ಕಂಡರು.

ಇಲ್ಲಿ ಪಂಡಿತರ ತಕರಾರೊಂದನ್ನು ಹೇಳದೆ ಮುಂದುವರಿಯಲಾಗದು. ಸಂತರು ತೀರಿಕೊಂಡ ದಿನ ಸೂರ್ಯನ ಈಗಿನ ಲೆಕ್ಕದಲ್ಲಿ ಡಿಸೆಂಬರ್ 3 ಅಲ್ಲ, 13. ಜಗದ್ಗುರು ಹದಿಮೂರನೆಯ ಗ್ರೆಗರಿಯವರು ದಿನಗಣನೆಯನ್ನು ತಿದ್ದಿದಾಗ 1582ರ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ನಡುವಣ ಹತ್ತು ದಿನಗಳು ಲೆಕ್ಕದಿಂದಲೇ ಬಿದ್ದುಹೋದವು. ಒಂದೇ ತಾರೀಖಿನಲ್ಲಿ ಕೂಡಿದ ಘಟನೆಗಳಲ್ಲಿ ಗ್ರಹಗತಿಯ ರಹಸ್ಯವನ್ನು ಹುಡುಕುವವರು ಇದನ್ನು ನೆನಪಿಡುವುದು ಲೇಸು. ಆ ತಿದ್ದುಪಡಿಗೆ ದುಡಿದ ಗಣಿತಜ್ಞರಲ್ಲಿ ಮುಖ್ಯರು ಯೇಸುಸಭೆಯ ಕ್ರಿಸ್ತೋಫರ್ ಕ್ಲಾವಿಯುಸ್. ಅವರ ಬಳಿ ರೋಮಿನಲ್ಲಿ ಗಣಿತ ಕಲಿತ ಮತ್ತೆಯೊ ರಿಚ್ಚಿಯವರು ಹುಟ್ಟಿದ್ದು 1552ರ ಅಕ್ಟೋಬರ್ 6ರಂದು, ಅಂದರೆ ಸಾನ್ಸಿಯಾನಿನ ಆ ಮರಣಕ್ಕೆ ಎರಡು ತಿಂಗಳ ಹಿಂದೆ. ಮುಚ್ಚಿದ್ದ ಚೀನಾವನ್ನು 1583ರಲ್ಲಿ ಹೊಕ್ಕು, 1601ರಲ್ಲಿ ಪೀಕಿಂಗಿನಲ್ಲಿ ನೆಲೆನಿಂತವರು ಇವರೇ.

1894ರ ಡಿಸೆಂಬರ್ 3ರಂದು ಸಮೋವ ದ್ವೀಪದಲ್ಲಿ ಸ್ಕಾಟ್ಲೆಂಡಿನ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ತೀರಿಕೊಂಡರು. ‘ಟ್ರೆಷರ್ ಐಲೆಂಡ್’ ಓದಿದ ನಮ್ಮ ವಿದ್ಯಾರ್ಥಿಗಳಿಗೂ ಅವರು ಮಾಡಿದ ಮತ್ತೊಂದು ಕೆಲಸ ತಿಳಿದಿರಲಾರದು. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗದಿಂದ 1889ರಲ್ಲಿ ಮಡಿದ ಫಾದರ್ ದಾಮಿಯನ್ ಅವರನ್ನು ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರು ನಿಂದಿಸಿದ ಪತ್ರ ಪ್ರಕಟವಾದಾಗ, ಸ್ವತಃ ಪ್ರೊಟೆಸ್ಟೆಂಟ್ ಮನೆತನದವರಾದ ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರ ಬರೆದು ಉತ್ತರ ಕೊಟ್ಟರು. ದಾಮಿಯನ್ ಮರಣದ ಕೆಲವೇ ವಾರಗಳಲ್ಲಿ ಆ ದ್ವೀಪಕ್ಕೆ ಹೋಗಿ ಕಣ್ಣಾರೆ ಕಂಡುಬಂದವರಾದ್ದರಿಂದ, ಗುರುಗಳ ಒರಟುತನವನ್ನೂ ಹಟವನ್ನೂ ಅವರು ಮರೆಮಾಚಲಿಲ್ಲ. ಅದರಿಂದಲೇ ಆ ಸಮರ್ಥನೆಗೆ ತೂಕ ಬಂತೆಂಬುದು ನಮ್ಮ ಅಭಿಪ್ರಾಯ. ದಾಮಿಯನ್ ಅವರಿಗೆ ಸಂತಪದವಿ ದೊರೆತದ್ದು 2009ರಲ್ಲಿ.

ನಮ್ಮ ದೇಶದ ಇಬ್ಬರ ಜನನವೂ ಇದೇ ದಿನ. 1884ರಲ್ಲಿ ಬಿಹಾರದ ಜೀರಾದೇಯಿಯಲ್ಲಿ ಹುಟ್ಟಿದ ಬಾಬು ರಾಜೇಂದ್ರ ಪ್ರಸಾದರು ಸಂವಿಧಾನ ಸಭೆಯ ಅಧ್ಯಕ್ಷರಾಗಿ, ಪ್ರಥಮ ರಾಷ್ಟ್ರಪತಿಗಳಾಗಿ ವಿಖ್ಯಾತರು. ವಕೀಲರು ಈ ದಿನವನ್ನು ತಮ್ಮ ದಿನವನ್ನಾಗಿ ಆಚರಿಸುತ್ತಾರೆ. 1889ರಲ್ಲಿ ಬಂಗಾಳದ ಮೇದಿನೀಪುರದ ಕಡೆ ಹುಟ್ಟಿದ ಖುದಿರಾಮ್ ಬೋಸ್ ಹದಿನೆಂಟರಲ್ಲೇ, 1908ರ ಆಗಸ್ಟ್ 11ರಂದು, ಮುಜಫ್ಫರಪುರದಲ್ಲಿ ನೇಣಿಗೇರಿದ. ಅವನ ಬಾಂಬು ಗುರಿಯಿಟ್ಟ ನ್ಯಾಯಾಧೀಶನ ಬದಲು ಇಬ್ಬರು ಆಂಗ್ಲ ಸ್ತ್ರೀಯರನ್ನು ಬಲಿ ತೆಗೆದುಕೊಂಡಿತ್ತೆಂಬುದನ್ನೂ ಚರಿತ್ರೆ ಬರೆಯುವವರು ಬರೆಯಲೇಬೇಕು. ರಾಜೇಂದ್ರ ಪ್ರಸಾದರು ಎಂ.ಎ. ಮುಗಿಸಿದ ಮೇಲೆ ಸ್ವಲ್ಪ ಕಾಲ ಕಾಲೇಜಿನಲ್ಲಿ ಪಾಠ ಹೇಳಿದ್ದೂ ಅದೇ ಮುಜಫ್ಫರಪುರದಲ್ಲಿ.

1967ರ ಡಿಸೆಂಬರ್ 3 ಆಗಮನ ಕಾಲದ ಮೊದಲನೆಯ ಭಾನುವಾರ. ಅಂದು ಬೆಳಗಿನ ಜಾವ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಮನುಷ್ಯನ ಹೃದಯವನ್ನು ಮತ್ತೊಬ್ಬ ಮನುಷ್ಯನ ಎದೆಯಲ್ಲಿರಿಸಿದರು. ವೈದ್ಯರ ಹೆಸರು ಜಗತ್ತಿಗೇ ಗೊತ್ತು. ಹೃದಯ ಕೊಟ್ಟವಳ ಹೆಸರು ಎಷ್ಟು ಮಂದಿಗೆ ಗೊತ್ತು? ಡೆನಿಸ್ ಡಾರ್ವಲ್, ಇಪ್ಪತ್ತೈದರ ತರುಣಿ. ಹಿಂದಿನ ದಿನ ಕೇಕು ಕೊಂಡುಕೊಂಡು ತಾಯಿಯೊಂದಿಗೆ ರಸ್ತೆ ದಾಟುತ್ತಿದ್ದಾಗ ಮೋಟಾರು ಬಡಿಯಿತು. ತಾಯಿ ಸ್ಥಳದಲ್ಲೇ ಸತ್ತಳು. ಮಗಳ ಮಿದುಳು ಮತ್ತೆ ಚೇತರಿಸದಷ್ಟು ಜಖಂಗೊಂಡಿತ್ತು. ಒಂದೇ ಸಂಜೆ ಹೆಂಡತಿಯನ್ನು ಕಳೆದುಕೊಂಡು, ಮಗಳನ್ನೂ ಕಳೆದುಕೊಳ್ಳುತ್ತಿದ್ದ ತಂದೆಯ ಮುಂದೆ ವೈದ್ಯರು ತಮ್ಮ ಬೇಡಿಕೆಯನ್ನಿಟ್ಟರು. ಕೆಲವೇ ನಿಮಿಷಗಳಲ್ಲಿ ಆತ ಒಪ್ಪಿದ. ಹೃದಯ ಪಡೆದ ಲೂಯಿ ವಾಷ್ಕಾನ್ಸ್ಕಿ ಹದಿನೆಂಟು ದಿನ ಬದುಕಿ, ನ್ಯುಮೋನಿಯಾದಿಂದ ತೀರಿಕೊಂಡ. ಆಕೆಯ ಮೂತ್ರಪಿಂಡವೊಂದು ಬಿಳಿಯನಲ್ಲದ ಹತ್ತು ವರ್ಷದ ಬಾಲಕನಿಗೆ ಸಂದಿತು. ಬಿಳಿಯರೂ ಇತರರೂ ಒಂದೇ ಬೆಂಚಿನಲ್ಲಿ ಕೂರಬಾರದೆಂಬ ಕಾನೂನಿದ್ದ ದೇಶದಲ್ಲಿ ನಡೆದ ಸಂಗತಿಯಿದು!

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಸುರಿದವು. ಹದಿಮೂರು ದಿನಗಳ ಯುದ್ಧಕ್ಕೆ ನಾಂದಿಯಾಯಿತು. ಪೂರ್ವರಂಗದಲ್ಲಿ, ಅಗರ್ತಲದ ಪಶ್ಚಿಮಕ್ಕಿರುವ ಗಂಗಾಸಾಗರದ ಹೋರಾಟದಲ್ಲಿ, ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಮಡಿದದ್ದೂ ಇದೇ ತಾರೀಖಿನಲ್ಲೆಂದು ದಾಖಲೆ. ಗಾಯಗಳಿಂದ ರಕ್ತ ಸೋರುತ್ತಿದ್ದರೂ ತೆವಳಿಕೊಂಡು ಹೋಗಿ, ಗ್ರೆನೇಡು ಎಸೆದು, ಗೋಡೆ ಹತ್ತಿ ಶತ್ರುವಿನ ಮೆಷಿನ್‌ಗನ್ನನ್ನು ಮೌನಗೊಳಿಸಿದ ಆತನಿಗೆ ಮರಣಾನಂತರ ಪರಮವೀರ ಚಕ್ರ ಸಂದಿತು. ಆ ಯುದ್ಧದ ಪೂರ್ವರಂಗಕ್ಕೆ ದಕ್ಕಿದ ಏಕೈಕ ಪರಮವೀರ ಚಕ್ರವದು. ಎಕ್ಕಾ ಛೋಟಾನಾಗಪುರದ ಓರಾಂವ್ ಆದಿವಾಸಿ ಕ್ರೈಸ್ತ. ಕ್ಸೇವಿಯರ್ ಅವರದೇ ಯೇಸುಸಭೆಯ ಫಾದರ್ ಕಾನ್‌ಸ್ಟಂಟ್ ಲಿವನ್ಸ್ 1885ರಿಂದ ಜಮೀನ್ದಾರರ ವಿರುದ್ಧ ಆದಿವಾಸಿಗಳ ಭೂಮಿಯ ವ್ಯಾಜ್ಯಗಳಲ್ಲಿ ಬೆಂಬಲವಾಗಿ ನಿಂತ ಸೀಮೆಯದು. ರಾಂಚಿಯ ಮುಖ್ಯ ಚೌಕಕ್ಕೆ ಇಂದು ಎಕ್ಕಾನ ಹೆಸರು.

ಹಾಕಿಯ ಧ್ಯಾನ್‌ಚಂದ್ ದಿಲ್ಲಿಯಲ್ಲಿ ತೀರಿಕೊಂಡದ್ದು 1979ರ ಡಿಸೆಂಬರ್ 3ರಂದು.

ಇನ್ನು ಭೋಪಾಲ್. 1984ರ ಡಿಸೆಂಬರ್ 2 ಕೂಡ ಆಗಮನ ಕಾಲದ ಮೊದಲ ಭಾನುವಾರವೇ. ಅಂದಿನ ನಡುರಾತ್ರಿ ಕಳೆದು, ಸಂತರ ಹಬ್ಬದ ದಿನ ಮೊದಲಾಗುತ್ತಿದ್ದಂತೆ, ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ನೆಲದಡಿಯ ತೊಟ್ಟಿಗೆ ನೀರು ಹೊಕ್ಕು, ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ವಿಷಾನಿಲ ಹೊರನುಗ್ಗಿತು. ಅನಿಲವನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಗಾಳಿ ಬೀಸಿದ್ದು ಬಡವರ ಗುಡಿಸಲುಗಳ ಕಡೆಗೆ. ಓಡಿದವರು ಹೆಚ್ಚು ಉಸಿರೆಳೆದು ಹೆಚ್ಚು ಸತ್ತರು. ಸರ್ಕಾರದ ಮೊದಲ ಲೆಕ್ಕದಲ್ಲಿ ಸತ್ತವರು 2,259, ಅನಂತರ 3,787, ಮುಂದಿನ ವರ್ಷಗಳಲ್ಲಿ ಸತ್ತವರನ್ನೂ ಸೇರಿಸಿ ಹದಿನೈದು ಸಾವಿರಕ್ಕೂ ಮೇಲೆಂಬ ಅಂದಾಜುಂಟು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. 2010ರ ಜೂನ್ 7ರಂದು ಏಳು ಮಂದಿ ಅಧಿಕಾರಿಗಳಿಗೆ ತಲಾ ಎರಡು ವರ್ಷ ಸಜೆ ವಿಧಿಸಿ, ಅಂದೇ ಜಾಮೀನಿನ ಮೇಲೆ ಬಿಡಲಾಯಿತು. ಕುರಿ ಕದ್ದವನಿಗೂ ಇದಕ್ಕಿಂತ ಹೆಚ್ಚಿನ ಶಿಕ್ಷೆ ಆಗುವುದನ್ನು ನಾವು ಕಂಡಿದ್ದೇವೆ. ಕಾರ್ಖಾನೆಯ ಆವರಣದಲ್ಲಿ ಕೂಡಿಟ್ಟಿದ್ದ ಸುಮಾರು 337 ಟನ್ ವಿಷಕಸವು ನಲವತ್ತು ವರ್ಷ ಅಲ್ಲಿಯೇ ಕೊಳೆಯುತ್ತಿದ್ದು, 2025ರ ಜನವರಿಯಲ್ಲಿ ಹನ್ನೆರಡು ಲಾರಿಗಳಲ್ಲಿ, ಪೋಲೀಸು ಕಾವಲಿನೊಂದಿಗೆ, ಸುಡುವುದಕ್ಕಾಗಿ ಪೀಥಮಪುರಕ್ಕೆ ಹೊರಟಿತು. ಆ ಊರಿನ ಜನ ಬೇಡವೆಂದು ರಸ್ತೆಗಿಳಿದರು.