ಚಳಿಗಾಲದಲ್ಲಿ ಮನೆಯೊಳಗಿನ ಕೈತೋಟ: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದವರಿಗೆ ಸಲಹೆಗಳು

ಹೊಲವನ್ನು ಮಕ್ಕಳಿಗೋ ಲಾವಣಿಗೋ ವಹಿಸಿ ಪಟ್ಟಣದ ಮನೆ ಸೇರಿದ ಹಿರಿಯ ರೈತರು ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರಗಳಲ್ಲಿ ಅನೇಕರಿದ್ದಾರೆ. ಗೋಡೆಗೆ ಗೋಡೆ ತಾಗಿದ ಮನೆಗೆ ಹಿತ್ತಲಿರುವುದಿಲ್ಲ. ಮಾಳಿಗೆ ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಜೀವಮಾನವೆಲ್ಲ ಮಣ್ಣಿನಲ್ಲಿ ಆಡಿದ ಕೈಗಳು ಒಮ್ಮೆಲೇ ಸುಮ್ಮನಾಗುವುದು ಸಣ್ಣ ನಷ್ಟವಲ್ಲ. ನೀವು ಅಂಥವರಲ್ಲಿ ಒಬ್ಬರಾಗಿದ್ದರೆ, ಮನೆಯೊಳಗೆ ಕೃಷಿ ಆರಂಭಿಸಲು ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಅತ್ಯಂತ ಸೂಕ್ತ. ಶೀತ ದೇಶಗಳಲ್ಲಿ ಹಿಮಕ್ಕೆ ಹೆದರಿ ಗಿಡಗಳನ್ನು ಒಳಗೆ ತರುತ್ತಾರೆ. ನಮ್ಮಲ್ಲಿ ಆ ಭಯವಿಲ್ಲ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗಳಿಗೆ ಇದೇ ಒಳ್ಳೆಯ ಕಾಲ.

ಬೆಳಕಿನ ಆಯ್ಕೆ

ಈ ಭಾಗವು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯನು ದಕ್ಷಿಣಕ್ಕೆ ವಾಲಿ, ಕ್ಷಿತಿಜದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ನೇರ ಬಿಸಿಲು ಕಾಣದ ದಕ್ಷಿಣದ ಕಿಟಕಿ ಹಾಗೂ ಪಡಸಾಲೆಯೊಳಗೆ ಈಗ ಓರೆಬಿಸಿಲು ಬೀಳುತ್ತದೆ. ಒಂದು ದಿನ ಬಿಡುವು ಮಾಡಿಕೊಂಡು, ಬಿಸಿಲು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಸುಣ್ಣದ ಕಡ್ಡಿಯಿಂದ ಗುರುತಿಸಿರಿ. ಕುಂಡ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ನಾಲ್ಕು ಗಂಟೆಗೂ ಹೆಚ್ಚು ಬಿಸಿಲು ಬೀಳುವ ಜಾಗ ಸೊಪ್ಪಿಗೆ. ಅದಕ್ಕಿಂತ ಕಡಿಮೆಯಿದ್ದರೆ ಪುದೀನ, ದೊಡ್ಡಪತ್ರೆ. ಕಾಂಡವು ಬೆಳಕಿನತ್ತ ವಾಲುವುದರಿಂದ ಎರಡು ದಿನಗಳಿಗೊಮ್ಮೆ ಕುಂಡವನ್ನು ತಿರುಗಿಸಬೇಕು.

ನೇರ ಬಿಸಿಲೇ ಬಾರದ ಮನೆಯಲ್ಲಿಯೂ ಎಳೆಸೊಪ್ಪು ಬೆಳೆಯಬಹುದು. ಅಡುಗೆಮನೆಯ ಮೆಂತ್ಯ ಕಾಳನ್ನು ರಾತ್ರಿ ನೆನೆಸಿ, 5 ಸೆಂ.ಮೀ. ಆಳದ ತಟ್ಟೆಯ ಮಣ್ಣಿನ ಮೇಲೆ ಒತ್ತಾಗಿ ಹರಡಿ, ಮೊಳಕೆ ಬರುವವರೆಗೆ ಒದ್ದೆ ಬಟ್ಟೆ ಮುಚ್ಚಿ, ನಂತರ ಬೆಳಕಿರುವ ಕಿಟಕಿಯ ಬಳಿ ಇಡಿರಿ. ಸುಮಾರು ಹತ್ತು ದಿನಗಳಲ್ಲಿ ಕತ್ತರಿಸಬಹುದು. ಅಂಗಡಿಯ ಬಿತ್ತನೆ ಬೀಜಕ್ಕೆ ಬಣ್ಣದ ಲೇಪವಿದ್ದರೆ ಅದು ಶಿಲೀಂಧ್ರನಾಶಕದಿಂದ ಉಪಚರಿಸಿದ್ದು. ಎಳೆಸೊಪ್ಪಿಗೆ ಅದನ್ನು ಬಳಸಲೇಬಾರದು.

ಮಣ್ಣು ಮತ್ತು ನೀರು

ಕಬ್ಬು, ಜೋಳಕ್ಕೆ ಚಿನ್ನದಂಥ ಎರೆ ಮಣ್ಣು ಕುಂಡದಲ್ಲಿ ಕೆಲಸಕ್ಕೆ ಬಾರದು. ಒದ್ದೆಯಾದಾಗ ಅಂಟಾಗಿ ಬೇರಿಗೆ ಗಾಳಿಯಾಡದು, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಹುಳು ಗೊಬ್ಬರ ಬೆರೆಸಿರಿ. ಸೊಪ್ಪಿಗೆ 15 ಸೆಂ.ಮೀ. ಆಳ ಸಾಕು. ಕೊತ್ತಂಬರಿ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಚಳಿಯಲ್ಲಿ ಮೊಳೆಯಲು ಹತ್ತು ದಿನ ಹಿಡಿಯುವುದರಿಂದ ಅವಸರಪಟ್ಟು ಕೆದಕಬೇಡಿರಿ. ಮೇಲೆ ಕಬ್ಬಿನ ರವದಿಯ ಚೂರುಗಳನ್ನು ತೆಳುವಾಗಿ ಹರಡಿದರೆ ತೇವ ಉಳಿಯುತ್ತದೆ.

ಒಳಾಂಗಣದಲ್ಲಿ ಗಿಡ ಸಾಯುವುದು ಬಹುಪಾಲು ಚಳಿಯಿಂದಲ್ಲ, ಪ್ರೀತಿಯಿಂದ ಹೆಚ್ಚಾಗಿ ಹಾಕಿದ ನೀರಿನಿಂದ. ಹೊಲಕ್ಕೆ ಕಾಲುವೆ ನೀರು ಹಾಯಿಸಿದ ರೂಢಿ ಇಲ್ಲಿ ಸಲ್ಲದು. ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಬೆಳಿಗ್ಗೆ ನೀರು ಕೊಡಿರಿ. ಘಟಪ್ರಭಾ ಅಚ್ಚುಕಟ್ಟಿನ ಸವಳು ಪ್ರದೇಶದ ಕೊಳವೆಬಾವಿ ನೀರಿನಿಂದ ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಕುದಿಸಿದರೆ ಲವಣ ಹೋಗದು. ಅಕ್ಕಿ, ಬೇಳೆ ತೊಳೆದ ನೀರು ಉತ್ತಮ. ನೀರು ಶುದ್ಧೀಕರಣ ಯಂತ್ರವು ಹೊರಬಿಡುವ ನೀರಿನಲ್ಲಿ ಲವಣ ಇನ್ನೂ ಹೆಚ್ಚಿರುವುದರಿಂದ ಅದು ಬೇಡ.

ಹೊಲದ ಔಷಧ ಮನೆಯೊಳಗೆ ಬೇಡ

ಕಡಲೆಗೋ ಹತ್ತಿಗೋ ಸಿಂಪಡಿಸಿ ಉಳಿದ ಕೀಟನಾಶಕವನ್ನು ಕಿಟಕಿಯ ಗಿಡಕ್ಕೂ ಒಂದಿಷ್ಟು ಹೊಡೆಯುವುದು ಅಪಾಯಕಾರಿ. ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಮನೆಮಂದಿಯೆಲ್ಲ ಉಸಿರಾಡುತ್ತಾರೆ. ಮೇಲಾಗಿ ರೊಟ್ಟಿಯ ಜೊತೆ ನಾವು ಈ ತಪ್ಪಲನ್ನು ಹಸಿಯಾಗಿಯೇ ತಿನ್ನುತ್ತೇವೆ. ಕೀಟನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಕುಂಡವಾಗಿ ಬಳಸಬಾರದು. ಹೇನು ಕಂಡರೆ ನೀರಿನಿಂದ ತೊಳೆಯಿರಿ; ಹೆಚ್ಚಾದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ದ್ರಾವಣದೊಂದಿಗೆ ಬೆರೆಸಿ, ಕುಂಡವನ್ನು ಹೊರಗಿಟ್ಟು ಸಿಂಪಡಿಸಿರಿ.

ಫೆಬ್ರುವರಿ ಮಧ್ಯದಿಂದ ಬಿಸಿಲು ದಕ್ಷಿಣದ ಕಿಟಕಿಯಿಂದ ಹಿಂದೆ ಸರಿಯತೊಡಗುತ್ತದೆ, ಸೆಕೆಗೆ ಕೊತ್ತಂಬರಿ ಬೇಗ ಹೂವಿಗೆ ತಿರುಗುತ್ತದೆ. ಆಗ ಕುಂಡಗಳನ್ನು ಪೂರ್ವದ ಕಿಟಕಿಗೆ ಸಾಗಿಸಿ ರಾಜಗಿರಿ ಬಿತ್ತಿರಿ. ರೋಗಪೀಡಿತ ಗಿಡವನ್ನು ಚೀಲದಲ್ಲಿ ಹಾಕಿ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ಅಥವಾ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸಬಹುದು.